ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಕನ್ನಡ ಫಾಂಟ್: ಹಲವು ವರ್ಷ ಬಳಸಿದ ಮೇಲೆ

ಲಿನಕ್ಸ್‌ನಲ್ಲಿ ಕನ್ನಡ ಸರಿಯಾಗಿ ಕಾಣುವುದಿಲ್ಲ ಎನ್ನುವ ದೂರು ಈಗಲೂ ಕಿವಿಗೆ ಬೀಳುತ್ತದೆ. ಅದು ಹಳೇ ಕಾಲದ ದೂರು. ನಾನು ದಿನವಿಡೀ ಕನ್ನಡದಲ್ಲೇ ಓದುವವನು, ಬರೆಯುವವನು. ಹಲವು ವರ್ಷ ಇದನ್ನೇ ಬಳಸಿದ ಮೇಲೆ ಹೇಳುತ್ತಿದ್ದೇನೆ: ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಕಿಟಕಿಯೊಂದನ್ನು ಬಿಟ್ಟರೆ ಅಕ್ಷರ ಮೂಡುವುದರಲ್ಲಿ ಈಗ ಏನೂ ಕೊರತೆ ಇಲ್ಲ. ಎಲ್ಲಿ ಯಾವ ಫಾಂಟ್ ಬರಬೇಕು ಎನ್ನುವುದನ್ನು ಮಾತ್ರ ಒಮ್ಮೆ ಕೂತು ಹೇಳಿಕೊಡಬೇಕು. ಆಮೇಲೆ ಅದರ ತಂಟೆಗೇ ಹೋಗಬೇಕಿಲ್ಲ.

ಫಾಂಟ್ ಹಾಕಿಕೊಳ್ಳುವುದು ತುಂಬಾ ಸುಲಭ. ಇಳಿಸಿಕೊಂಡ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಇನ್‌ಸ್ಟಾಲ್ ಒತ್ತಿದರೆ ಮುಗಿಯಿತು. ಅಡ್ಮಿನ್ ಪಾಸ್‌ವರ್ಡ್ ಕೂಡ ಬೇಡ, ಯಾಕೆಂದರೆ ಫೈಲು ಹೋಗಿ ಕೂರುವುದು ನಿಮ್ಮ ಹೋಮ್ ಫೋಲ್ಡರ್‌ನಲ್ಲೇ: ಡಾಟ್ ಲೋಕಲ್, ಅದರೊಳಗೆ ಶೇರ್, ಅದರೊಳಗೆ ಫಾಂಟ್ಸ್ (~/.local/share/fonts). ನಾನು ನೇರವಾಗಿ ಅಲ್ಲಿಗೇ ಕಾಪಿ ಮಾಡುತ್ತೇನೆ, ಒಂದೊಂದು ಫಾಂಟಿಗೂ ಒಂದೊಂದು ಫೋಲ್ಡರ್. ಬೇಡ ಅನಿಸಿದಾಗ ಫೋಲ್ಡರ್ ಅಳಿಸಿದರೆ ಫಾಂಟೂ ಹೋಯಿತು. ಕಂಪ್ಯೂಟರ್ ಬದಲಾಯಿಸುವಾಗ ಅದನ್ನೇ ಎತ್ತಿಕೊಂಡು ಹೋದರೆ ಸಾಕು. ಈಗಾಗಲೇ ತೆರೆದಿರುವ ಆಪ್‌ಗಳನ್ನು ಮುಚ್ಚಿ ತೆರೆಯಬೇಕು, ಅಷ್ಟೇ.

ಒಂದು ವಿಷಯದಲ್ಲಿ ಹುಷಾರಾಗಿರಿ. ಲಿನಕ್ಸ್‌ನ ಬಗೆಗಳಾದ ಡೆಬಿಯನ್, ಉಬುಂಟುಗಳಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳೆಲ್ಲ ಅವುಗಳದೇ ತಂತ್ರಾಂಶ ಭಂಡಾರದಲ್ಲಿ ಪ್ಯಾಕೇಜ್ ಆಗಿ ಸಿಗುತ್ತವೆ. ಗೂಗಲ್‌ನ ನೋಟೋ ಕೂಡ ಸಿಗುತ್ತದೆ. ಅದೇ ಫಾಂಟನ್ನು ಬೇರೆ ಕಡೆಯಿಂದಲೂ ಇಳಿಸಿ ಹೋಮ್ ಫೋಲ್ಡರ್‌ಗೆ ಹಾಕಿದರೆ ಒಂದೇ ಹೆಸರಿನ ಎರಡು ಆವೃತ್ತಿ ಕೂರುತ್ತವೆ. ಯಾವುದು ಬರುತ್ತಿದೆ ಎಂದೇ ಗೊತ್ತಾಗುವುದಿಲ್ಲ. ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಿ.

ಹೊಸ ಫಾಂಟ್ ಹಾಕಿದ ತಕ್ಷಣ ನಾನು ಒಂದು ಸಾಲು ಟೈಪ್ ಮಾಡಿ ನೋಡುತ್ತೇನೆ: ಸ್ತ್ರೀ, ರಾಷ್ಟ್ರ, ಅರ್ಥ, ಲಕ್ಷ್ಮಿ, ರ‍್ಯಾಂಕ್. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’, ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಆರು ಸಂಕೇತಗಳ ಸಾಲು. ‘ಅರ್ಥ’ದಲ್ಲಿ ರ ಮೊದಲು ಟೈಪ್ ಆಗುತ್ತದೆ, ಪರದೆಯ ಮೇಲೆ ಮಾತ್ರ ಥ ಆದ ಮೇಲೆ ಅರ್ಕಾವತ್ತಾಗಿ ಬರುತ್ತದೆ. ಈ ಜೋಡಣೆ ಮಾಡುವುದು ಹಾರ್ಫ್‌ಬಝ್ ಎಂಬ ತಂತ್ರಾಂಶ, ಆಕಾರ ಬಿಡಿಸುವುದು ಫ್ರೀಟೈಪ್ ಎಂಬ ಇನ್ನೊಂದು. ಇವೆರಡೂ ತಮ್ಮ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತವೆ ಎಂದರೆ, ನನ್ನ ಸಾಲು ಎಲ್ಲಾದರೂ ಒಡೆದರೆ ನಾನು ಮೊದಲು ಅನುಮಾನಪಡುವುದು ಫಾಂಟನ್ನೇ. ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತು ಬಂದಾಗ ಕೆಲವು ಅಲಂಕಾರದ ಫಾಂಟ್‌ಗಳು ಕೈಕೊಡುತ್ತವೆ.

ಇನ್ನು ಮುಖ್ಯ ವಿಷಯ, ಫಾಂಟ್‌ಕಾನ್ಫಿಗ್. ಕೀತ್ ಪ್ಯಾಕರ್ಡ್ ಶುರು ಮಾಡಿದ ಈ ತಂತ್ರಾಂಶವೇ ಇಲ್ಲಿ ಯಜಮಾನ. ಆಪ್ ಸುಮ್ನೆ ‘ಸ್ಯಾನ್ಸ್-ಸೆರಿಫ್ ಕೊಡು’ (ಗೆರೆಯ ತುದಿಯಲ್ಲಿ ಚಿಕ್ಕ ಅಡ್ಡಗೆರೆ ಇಲ್ಲದ ಅಕ್ಷರ; ಇದ್ದರೆ ಅದು ಸೆರಿಫ್) ಎನ್ನುತ್ತದೆ, ಯಾವ ಫೈಲು ಕೊಡಬೇಕು ಎಂದು ತೀರ್ಮಾನಿಸುವುದು ಇದು. ನಾಲ್ಕಾರು ಕನ್ನಡ ಫಾಂಟ್ ಇದ್ದು, ನೀವು ಏನೂ ಹೇಳದೇ ಇದ್ದರೆ, ಮೆನುವಿನಲ್ಲಿ ಒಂದು ಕನ್ನಡ, ಬ್ರೌಸರ್‌ನಲ್ಲಿ ಇನ್ನೊಂದು ಕನ್ನಡ ಬರಬಹುದು. ಎಷ್ಟೋ ಜನ ‘ಕನ್ನಡ ಚೆನ್ನಾಗಿ ಕಾಣುತ್ತಿಲ್ಲ’ ಎನ್ನುವುದು ಇದಕ್ಕೇ.

ಏನು ಬರುತ್ತಿದೆ ಎಂದು ತಿಳಿಯಲು ಟರ್ಮಿನಲ್‌ನಲ್ಲಿ ಓಡಿಸುವ ಎಫ್‌ಸಿ-ಮ್ಯಾಚ್ (fc-match) ಎಂಬ ಕಮಾಂಡ್ ಇದೆ. ಸ್ಯಾನ್ಸ್-ಸೆರಿಫ್ ಎಂದೂ, ಭಾಷೆ ಕೆಎನ್ (ಅಂದರೆ ಕನ್ನಡ) ಎಂದೂ ಕೊಟ್ಟರೆ (fc-match sans-serif:lang=kn) ಫೈಲಿನ ಹೆಸರು, ಫಾಂಟಿನ ಹೆಸರು, ಶೈಲಿ ಮೂರನ್ನೂ ಒಂದೇ ಸಾಲಿನಲ್ಲಿ ಹೇಳುತ್ತದೆ. ಬದಲಾಯಿಸಬೇಕಿದ್ದರೆ ಹೋಮ್‌ನ ಡಾಟ್ ಕಾನ್ಫಿಗ್ ಒಳಗಿನ ಫಾಂಟ್‌ಕಾನ್ಫಿಗ್ ಫೋಲ್ಡರ್‌ನಲ್ಲಿ ‘ಫಾಂಟ್ಸ್ ಡಾಟ್ ಕಾನ್ಫ್’ (~/.config/fontconfig/fonts.conf) ಎಂಬ ಚಿಕ್ಕ ಎಕ್ಸ್‌ಎಂಎಲ್ ಫೈಲು ಬರೆಯಬೇಕು. ನನ್ನದರಲ್ಲಿ ಸ್ಯಾನ್ಸ್-ಸೆರಿಫ್‌ಗೆ ಮೊದಲು ನೋಟೋ ಸ್ಯಾನ್ಸ್, ಅದರ ಕೆಳಗೆ ನೋಟೋ ಸ್ಯಾನ್ಸ್ ಕನ್ನಡ, ಸೆರಿಫ್‌ಗೂ ಹಾಗೇ. ಈ ಸರದಿ ಮುಖ್ಯ. ಬಹಳಷ್ಟು ಕನ್ನಡ ಫಾಂಟ್‌ಗಳ ಒಳಗೆ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಕನ್ನಡವನ್ನು ಮೇಲೆ ಇಟ್ಟರೆ ಇಡೀ ಡೆಸ್ಕ್‌ಟಾಪ್‌ನ ಇಂಗ್ಲಿಷ್ ಕೂಡ ಅದರಿಂದಲೇ ಬರುತ್ತದೆ. ಫೈಲು ಉಳಿಸಿದ ಮೇಲೆ, ಭಾಷೆ ಕೊಡದೆ ಸ್ಯಾನ್ಸ್-ಸೆರಿಫ್ ಎಂದಷ್ಟೇ ಹೇಳಿ, ಎಫ್‌ಸಿ-ಮ್ಯಾಚ್‌ಗೆ ಎಸ್ (-s) ಆಯ್ಕೆ ಸೇರಿಸಿ ಓಡಿಸಿ. ನೀವು ಬರೆದ ಸರದಿಯೇ ಮೊದಲೆರಡು ಹೆಸರಾಗಿ ಬಂದರೆ ಕೆಲಸ ಆಯಿತು. ಇಷ್ಟು ಹಿಡಿತವನ್ನು ಬಳಕೆದಾರನ ಕೈಗೆ ಕೊಡುವುದು ನನಗೆ ಲಿನಕ್ಸ್‌ನಲ್ಲಿ ತುಂಬಾ ಇಷ್ಟವಾದ ಗುಣ. ಆದರೆ ಇದಕ್ಕೆ ಒಂದು ಸೆಟ್ಟಿಂಗ್ಸ್ ಪುಟವೇ ಇದ್ದಿದ್ದರೆ ಇನ್ನೂ ಎಷ್ಟೋ ಜನ ಬಳಸುತ್ತಿದ್ದರು.

ಅಕ್ಷರದ ಅಂಚು ಹೇಗಿರಬೇಕು ಎನ್ನುವುದಕ್ಕಂತೂ ಪುಟ ಇದೆ. ನಿಮ್ಮ ಡೆಸ್ಕ್‌ಟಾಪ್ ಗ್ನೋಮ್ ಆದರೆ ಟ್ವೀಕ್ಸ್, ಕೆಡಿಇ ಆದರೆ ಸಿಸ್ಟಮ್ ಸೆಟ್ಟಿಂಗ್ಸ್. ಹಿಂಟಿಂಗನ್ನು (ಅಕ್ಷರದ ಗೆರೆಗಳನ್ನು ಪರದೆಯ ಚುಕ್ಕಿಗಳಿಗೆ ಹೊಂದಿಸುವುದನ್ನು) ‘ಸ್ಲೈಟ್’ನಲ್ಲಿ ಇಡಿ ಎನ್ನುವುದು ನನ್ನ ಸಲಹೆ. ‘ಫುಲ್’ ಇಟ್ಟರೆ ಗೆರೆ ಚೂಪಾಗುತ್ತದೆ ನಿಜ, ಆದರೆ ನಮ್ಮ ಅಕ್ಷರಗಳೆಲ್ಲ ದುಂಡು ಅಲ್ವಾ, ಸಣ್ಣ ಗಾತ್ರದಲ್ಲಿ ಆ ದುಂಡು ಕೆಡುತ್ತದೆ. ಟ್ರೂಟೈಪ್ ಹಿಂಟಿಂಗ್ ಮೇಲಿನ ಪೇಟೆಂಟ್‌ಗಳು 2010ರಲ್ಲಿ ಮುಗಿದವು, ಅಕ್ಷರದ ಅಂಚು ನುಣುಪಾಗಿಸುವ ಮೈಕ್ರೋಸಾಫ್ಟ್‌ನ ಕ್ಲಿಯರ್‌ಟೈಪ್‌ನವು 2019ರಲ್ಲಿ. ‘ಲಿನಕ್ಸ್ ಎಂದರೆ ಮಸುಕು ಅಕ್ಷರ’ ಎನ್ನುವ ಹೆಸರು ಬಂದಿದ್ದರಲ್ಲಿ ಆ ಪೇಟೆಂಟ್‌ಗಳ ಪಾಲು ದೊಡ್ಡದು.

ದಪ್ಪ ಅಕ್ಷರ ಜಾಸ್ತಿ ಬಳಸುವವರು ಗಮನಿಸಿ. ಲೋಹಿತ್ ಕನ್ನಡದಲ್ಲಿ ಇರುವುದು ಒಂದೇ ತೂಕ, ಅಂದರೆ ದಪ್ಪದ ಒಂದೇ ಮಟ್ಟ. ಬೋಲ್ಡ್ ಕೇಳಿದರೆ ಇರುವ ಆಕಾರವನ್ನೇ ಊದಿಸಿ ಕೊಡಲಾಗುತ್ತದೆ, ಒತ್ತಕ್ಷರದ ಒಳಗಿನ ಜಾಗ ಮುಚ್ಚಿಹೋಗುತ್ತದೆ. ನೋಟೋದಲ್ಲಿ ಒಂಬತ್ತು ತೂಕಗಳಿವೆ, ಬೋಲ್ಡ್ ಕೂಡ ಹೀಗೆ ಊದಿಸಿದ್ದಲ್ಲ. ದಿನಬಳಕೆಗೆ ನಾನು ಅದರಲ್ಲೇ ನಿಂತಿದ್ದಕ್ಕೆ ದೊಡ್ಡ ಕಾರಣ ಇದೇ.

ಬೇಸರ ಬರಿಸುವುದು ಏನೆಂದರೆ ಕೆಲವು ಆಪ್‌ಗಳಿಗೆ ಬೇರೆಯಾಗಿಯೇ ಹೇಳಬೇಕು. ಫೈರ್‌ಫಾಕ್ಸ್‌ನ ಫಾಂಟ್ ಸೆಟ್ಟಿಂಗ್ಸ್‌ನಲ್ಲಿ ‘ಅಡ್ವಾನ್ಸ್‌ಡ್’ ಒತ್ತಿದರೆ ಕನ್ನಡಕ್ಕೇ ಅಂತ ಫಾಂಟ್, ಗಾತ್ರ ಆರಿಸಬಹುದು. ಇದು ನಿಜಕ್ಕೂ ಒಳ್ಳೆ ಸೌಲಭ್ಯ. ಕಡತ ಬರೆಯುವ ಲಿಬ್ರೆಆಫೀಸ್‌ನಲ್ಲಿ ಕನ್ನಡ ಬರುವುದು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಅಡಿಯಲ್ಲಿ. ಶೈಲಿಯಲ್ಲಿ ಅದಕ್ಕೆ ಫಾಂಟೂ ಬೇರೆ, ಗಾತ್ರವೂ ಬೇರೆ. ‘ವೆಸ್ಟರ್ನ್’ ಫಾಂಟನ್ನು ಮಾತ್ರ ಬದಲಾಯಿಸಿದರೆ ಇಂಗ್ಲಿಷ್ ಬದಲಾಗುತ್ತದೆ, ಕನ್ನಡ ಇದ್ದಲ್ಲೇ ಇರುತ್ತದೆ. ಉಳಿದ ವ್ಯವಸ್ಥೆಯಿಂದ ಬೇರ್ಪಟ್ಟು ಓಡುವ ಫ್ಲ್ಯಾಟ್‌ಪ್ಯಾಕ್ ಆಪ್‌ಗಳಿಗೆ ನೀವು ಹಾಕಿದ ಫಾಂಟ್ ಕಾಣುತ್ತದೆ, ನೀವು ಬರೆದ ಸರದಿ ಕಾಣುವುದಿಲ್ಲ. ಅವುಗಳ ಅನುಮತಿ ಬದಲಾಯಿಸುವ ಫ್ಲ್ಯಾಟ್‌ಸೀಲ್ ಎಂಬ ಆಪ್‌ನಲ್ಲಿ ಆ ಫಾಂಟ್‌ಕಾನ್ಫಿಗ್ ಫೋಲ್ಡರ್ ಓದಲು ಅನುಮತಿ ಕೊಡಿ.

ನುಡಿ, ಬರಹದ ಹಳೇ ಕಡತಗಳು ಕಸದಂತೆ ಕಂಡರೆ ಯೂನಿಕೋಡ್ ಫಾಂಟ್ ಹಾಕಿ ಪ್ರಯೋಜನವಿಲ್ಲ. ಅದರೊಳಗಿರುವುದು ಯೂನಿಕೋಡ್ ಅಲ್ಲ, ಮೊದಲು ಪರಿವರ್ತಕದಲ್ಲಿ ಹಾಯಿಸಬೇಕು.

ಒಂದು ಕಡೆ ಮಾತ್ರ ನನಗೆ ಸಮಾಧಾನ ಸಿಕ್ಕಿಲ್ಲ, ಅದು ಟರ್ಮಿನಲ್. ಅಲ್ಲಿ ಪ್ರತಿ ಅಕ್ಷರವೂ ಒಂದೇ ಅಳತೆಯ ಚೌಕದಲ್ಲಿ ಕೂರಬೇಕು, ಕನ್ನಡ ಹಾಗೆ ಕೂರುವ ಲಿಪಿಯಲ್ಲ. ಒತ್ತು ಪಕ್ಕಕ್ಕೆ ಸರಿಯುತ್ತದೆ, ಕೆಳಗಿನ ತುದಿ ಕತ್ತರಿಸುತ್ತದೆ, ಕರ್ಸರ್ ಎಲ್ಲೋ ನಿಲ್ಲುತ್ತದೆ. ಸಾಲಿನ ಅಂತರ ಹೆಚ್ಚಿಸುವ ಆಯ್ಕೆ ಇರುವ ಟರ್ಮಿನಲ್‌ನಲ್ಲಿ ತುದಿ ಕತ್ತರಿಸುವುದು ಕಡಿಮೆಯಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಲಿನಕ್ಸ್‌ನ ಕನ್ನಡಕ್ಕೆ ನಾನು ಕೊಡುವ ಐದು ನಕ್ಷತ್ರದಲ್ಲಿ ಒಂದನ್ನು ಹಿಡಿದಿಟ್ಟುಕೊಂಡಿರುವುದು ಇದೊಂದಕ್ಕೇ. ಕನ್ನಡ ಇರುವ ಫೈಲುಗಳನ್ನು ನಾನು ಈಗಲೂ ಟರ್ಮಿನಲ್ ಬಿಟ್ಟು ಬೇರೆ ಎಡಿಟರ್‌ನಲ್ಲೇ ತೆರೆಯುತ್ತೇನೆ.