ಬೈಡನ್ ಥರದವರಾ, ಸ್ಯಾಂಡರ್ಸ್ ಥರದವರಾ?

ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಮನಸ್ಸಿಗೆ ಹಿಡಿಸಿದವರಿಗೆ ವೋಟು ಹಾಕಬೇಕಾ, ನವೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆ ಗೆಲ್ಲಬಲ್ಲವರಿಗಾ? ಅಮೆರಿಕದ ಡೆಮಾಕ್ರಟಿಕ್ ಪಕ್ಷದವರು 2028ಕ್ಕೆ ಆಯ್ಕೆ ಮಾಡುವ ಮೊದಲು 2020ನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಆಗ ಕಣದಲ್ಲಿದ್ದ ಎಡಪಂಥೀಯ ಸೆನೆಟರ್ ಬರ್ನಿ ಸ್ಯಾಂಡರ್ಸ್ ಹತ್ತಿರ ಹುರುಪಿತ್ತು. ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಅಂತ ನೇರವಾಗಿ ಹೇಳಿದರು, ಯುವಕರು ಹಿಂದೆ ಬಂದರು, ನ್ಯೂ ಹ್ಯಾಂಪ್‌ಶೈರ್, ನೆವಾಡಾ ಎರಡೂ ಸಿಕ್ಕವು. ಮಧ್ಯಮಮಾರ್ಗಿ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಆದರೆ ಫೆಬ್ರವರಿ 29ರಂದು ಸೌತ್ ಕೆರೊಲಿನಾದ ಕಪ್ಪು ಮತದಾರರು ಕೈ ಹಿಡಿದರು, ಇನ್ನಿಬ್ಬರು ಸ್ಪರ್ಧಿಗಳಾದ ಬುಟಿಜೆಜ್ ಮತ್ತು ಕ್ಲೋಬುಚಾರ್ ಕಣದಿಂದ ಹಿಂದೆ ಸರಿದು ಅವರಿಗೇ ಬೆಂಬಲ ಕೊಟ್ಟರು, ಮೂರೇ ದಿನದ ನಂತರ ಒಟ್ಟಿಗೆ ಮತ ಹಾಕಿದ 14 ರಾಜ್ಯಗಳಲ್ಲಿ 10 ಅವರ ಪಾಲಾದವು.

ಹಾಗಂತ ಮಧ್ಯಮಮಾರ್ಗಿ ಅಂದರೆ ಗೆಲುವು ಗ್ಯಾರಂಟಿ ಅನ್ನುವುದು ಸುಮ್ನೆ ಮಾತು. 2004ರಲ್ಲಿ ಪಕ್ಷದ ಅಭ್ಯರ್ಥಿ ಜಾನ್ ಕೆರ್ರಿ ಸೋತರು. 2016ರಲ್ಲಿ ಹಿಲರಿ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರನ್ನೂ ಕಳೆದುಕೊಂಡು ಸೋತರು. 2020ರಲ್ಲಿ ಬೈಡನ್ ಆ ಮೂರನ್ನೂ ವಾಪಸ್ ತಂದು ಗೆದ್ದರು, ನಿಜ. ಆದರೆ ಜಾರ್ಜಿಯಾ, ಅರಿಜೋನಾ, ವಿಸ್ಕಾನ್ಸಿನ್‌ಗಳಲ್ಲಿ ಅವರ ಅಂತರ ಒಟ್ಟು ಸೇರಿಸಿದರೂ ಸುಮಾರು 43 ಸಾವಿರ ವೋಟು. ಎಷ್ಟು ತೆಳು ಅಲ್ವಾ?

ನನ್ನನ್ನು ಕೇಳಿದರೆ, ಹಣೆಪಟ್ಟಿಗಿಂತ ಜಾಸ್ತಿ ನೋಡಬೇಕಾದ್ದು ಅಭ್ಯರ್ಥಿಯ ಜೊತೆ ಈಗಾಗಲೇ ಯಾರಿದ್ದಾರೆ ಅನ್ನುವುದನ್ನು. ಮುಂದೆ ಬರಬಹುದಾದ ಹೊಸ ಮತದಾರರನ್ನು ನಂಬಿ ನಿಂತವರಿಗಿಂತ, ತಪ್ಪದೆ ಬೂತಿಗೆ ಬರುವ ಹಿರಿಯರನ್ನು ಗೆದ್ದವರಿಗೇ ನನ್ನ ಒಲವು.