ಟ್ರೆಡ್‌ಮಿಲ್ ಮೇಲೆ ಮೂರು ಜೊತೆ ಹೀಲ್ಸ್

ನಾನು 5 ಅಡಿ 1 ಇಂಚು. ಮದುವೆಯಾಗಲಿದ್ದ ಹುಡುಗ 6 ಅಡಿ. ಫೋಟೊ ತೆಗೆಯುವವರು ಮೊದಲ ಭೇಟಿಯಲ್ಲೇ ಹೇಳಿಬಿಟ್ಟರು, "ಮೇಡಂ, ರಿಸೆಪ್ಷನ್‌ಗೆ ಹೀಲ್ಸ್ ಹಾಕ್ಕೊಳ್ಳಿ, ಇಲ್ಲಾಂದ್ರೆ ಇಬ್ರೂ ಒಂದೇ ಫ್ರೇಮಲ್ಲಿ ಕೂರಲ್ಲ." ನನಗೋ ಚಪ್ಪಲಿ ಬಿಟ್ಟರೆ ಶೂ, ಶೂ ಬಿಟ್ಟರೆ ಬರಿಗಾಲು. ಹೀಲ್ಸ್ ಹಾಕಿ ಹತ್ತು ಹೆಜ್ಜೆ ನಡೆದವಳಲ್ಲ.

ಅಭ್ಯಾಸಕ್ಕೆ ಜಾಗ ಬೇಕಿತ್ತು. ಹಾಸನದ ಮಹಾರಾಜ ಪಾರ್ಕಿಗೆ ವಾಕಿಂಗ್ ಬರುವವರಲ್ಲಿ ಅರ್ಧ ಜನ ಅಪ್ಪನ ಪರಿಚಯದವರು, ಹಾಗಾಗಿ ಅಲ್ಲಿ ಆಗದ ಮಾತು. ವಿದ್ಯಾನಗರದ ಚಿಕ್ಕಪ್ಪನ ಮನೆ ಮಹಡಿಯಲ್ಲಿ ಒಂದು ಟ್ರೆಡ್‌ಮಿಲ್ ಇದೆ. ಮಳೆಗಾಲದಲ್ಲಿ ಅದರ ಮೇಲೆ ಬಟ್ಟೆ ಒಣಗುತ್ತವೆ, ಮಿಕ್ಕ ದಿನ ಸುಮ್ನೆ ನಿಂತಿರುತ್ತದೆ. ಟವೆಲ್‌ಗಳನ್ನು ಎತ್ತಿಟ್ಟು, ಹದಿನೈದು ದಿನ ಸಂಜೆ 20 ನಿಮಿಷ ಅದರ ಮೇಲೆ ನಡೆದೆ. 4 ಇಂಚಿನ ಪೆನ್ಸಿಲ್ ಹೀಲ್ ನಾನೇ ಬಿ.ಎಂ. ರಸ್ತೆಯ ಅಂಗಡಿಯಲ್ಲಿ ಕೊಂಡದ್ದು. 3 ಇಂಚಿನ ಬ್ಲಾಕ್ ಹೀಲ್ ಅಕ್ಕನದು. ಮೂರೂವರೆ ಇಂಚಿನ ವೆಡ್ಜ್, ಅಂದರೆ ಹಿಮ್ಮಡಿಯಿಂದ ಬೆರಳ ತನಕ ದಪ್ಪ ತಳ ಒಂದೇ ತುಂಡಾಗಿರುವುದು, ಚಿಕ್ಕಪ್ಪನ ಮಗಳದು. ಪುಣ್ಯಕ್ಕೆ ಮೂವರಿಗೂ ಒಂದೇ ಅಳತೆ.

ಶುರು ಮಾಡಿದ್ದು ಪೆನ್ಸಿಲ್ ಹೀಲಿನಿಂದ. ಆಸೆ ಜಾಸ್ತಿ ಇದ್ದದ್ದೂ, ದುಡ್ಡು ಸುರಿದದ್ದೂ ಅದರ ಮೇಲೆಯೇ. ಗಂಟೆಗೆ 1 ಕಿ.ಮೀ. ವೇಗದಲ್ಲಿ ರಾಣಿಯ ಹಾಗೆ ನಡೆದೆ. 2ಕ್ಕೆ ಏರಿಸಿದಾಗ ಕಾಲಿನ ಗಿಣ್ಣು ನಡುಗಲು ಶುರುವಾಯಿತು. ಮಾಮೂಲಿ ನಡಿಗೆಯಲ್ಲಿ ಹಿಮ್ಮಡಿ ಮೊದಲು ಊರುತ್ತದೆ, ಆಮೇಲೆ ಪಾದ ಮೆಲ್ಲಗೆ ನೆಲಕ್ಕೆ ಒರಗುತ್ತದೆ. ಇಲ್ಲಿ ಹಿಮ್ಮಡಿ ಊರಿದ ಗಳಿಗೆಯಲ್ಲೇ ಬೆಲ್ಟು ಅದನ್ನು ಹಿಂದಕ್ಕೆ ಎಳೆಯುತ್ತದೆ. ಊರಿದ್ದಾದರೂ ಎಷ್ಟು? ಕಿರುಬೆರಳಿನ ಉಗುರಿನಷ್ಟು. ಕೊನೆಗೆ ಹಿಮ್ಮಡಿಯನ್ನೂ ಮುಂಗಾಲನ್ನೂ ಒಟ್ಟಿಗೇ ಇಡುವುದು ಕಲಿತೆ. ಹೆಜ್ಜೆ ಗಿಡ್ಡವಾಯಿತು, ಮಂಡಿ ಸ್ವಲ್ಪ ಮಡಚಿಕೊಂಡೇ ಇತ್ತು, ಭಾರವೆಲ್ಲ ಬೆರಳುಗಳ ಬುಡಕ್ಕೆ ಬಂದು ಕೂತಿತು.

ಸದ್ದು ಬೇರೆ. ಎರಡನೇ ಸಂಜೆಗೇ ಕೆಳಗಿನ ಬಾಡಿಗೆಯವರು ಬಂದು ಚಿಕ್ಕಮ್ಮನನ್ನು ಕೇಳಿದರು, "ಮೇಲೆ ಏನ್ರೀ ಕುಟ್ತಿದೀರಾ? ಖಾರದ ಪುಡಿನಾ?" ಅಜ್ಜಿ ಅಲ್ಲೇ ಕೂತಿದ್ದರು. "ಕುದ್ರೆ ಕಟ್ಟಿದ್ದೀವಿ ಕಣಮ್ಮ" ಅಂದರು. ಅಜ್ಜಿಯ ಮಾತು ತೀರಾ ಅಡ್ಡಮಾತೇನಲ್ಲ. ಎತ್ತರದ ಹಿಮ್ಮಡಿಯ ಬೂಟು ಮೊದಲು ಪರ್ಷಿಯಾದ ಕುದುರೆ ಸವಾರರದ್ದು, ಗಂಡಸರದ್ದು. ಜೀನಿಗೆ ಜೋತುಬಿದ್ದ, ಕಾಲಿಡುವ ರಿಕಾಪಿನಿಂದ ಕಾಲು ಜಾರದಿರಲಿ ಎಂದು ಮಾಡಿಕೊಂಡದ್ದು. ಸವಾರಿಗೆ ಅಂತ ಹುಟ್ಟಿದ್ದನ್ನು ಹಾಕಿಕೊಂಡು ನಾವು ನಡೀತೀವಿ, ನೋಡಿ.

ಮೂರನೇ ದಿನ ಫೋನ್ ಕಡೆ ಕಣ್ಣು ಹೋಯಿತು. ಬಲಗಾಲಿನ ಹೀಲು ಬೆಲ್ಟಿಗೂ ಪಕ್ಕದ ಪ್ಲಾಸ್ಟಿಕ್ ಪಟ್ಟಿಗೂ ನಡುವಿನ ಸಂದಿಗೆ ಜಾರಿತು. ವಾಲಿಬಿಟ್ಟೆ. ಕುರ್ತಾಗೆ ಸಿಕ್ಕಿಸಿದ್ದ ಕೆಂಪು ಕ್ಲಿಪ್ಪು ಎಳೆದು, ಅದರ ದಾರದ ತುದಿಯಲ್ಲಿದ್ದ ಟ್ರೆಡ್‌ಮಿಲ್‌ನ ಸೇಫ್ಟಿ ಕೀ ಕಿತ್ತುಬಂತು, ಬೆಲ್ಟು ನಿಂತಿತು. ಹಿಂದಿನ ದಿನದವರೆಗೂ ಆ ಕ್ಲಿಪ್ಪು ಹಿಡಿಕೆಗೆ ಜೋತುಬಿದ್ದಿತ್ತು. ಅಂಗಾಲು ಬೆವರಿತು ಅನ್ನೋದು ಬಿಟ್ಟರೆ ಏನೂ ಆಗಲಿಲ್ಲ. ಅವತ್ತೇ ಬೆಲ್ಟಿನ ಮೇಲೆ ಸಣ್ಣ ಸಣ್ಣ ಗುಳಿ ಕಂಡದ್ದು. ನನ್ನ ತೂಕ 58 ಕೆ.ಜಿ. ಒಂಟಿ ಕಾಲು ಊರಿದಾಗ ಅದರಲ್ಲಿ ಹೆಚ್ಚಿನ ಪಾಲು ಒಂದು ಚದರ ಸೆಂಟಿಮೀಟರಿನ ಮೇಲೆ ಬಿದ್ದರೆ ಇನ್ನೇನಾಗುತ್ತದೆ? ಬ್ಲಾಕ್ ಹೀಲಿನ ತಳ ಅಳೆದೆ: 4 ಸೆಂ.ಮೀ. ಉದ್ದ, 4 ಅಗಲ. ಅದೇ ಭಾರ ಹದಿನಾರು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ.

ಬ್ಲಾಕ್ ಹೀಲ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ಅದೇ ಅದರ ಗುಣ. ಎರಡನೇ ದಿನಕ್ಕೇ 3 ಕಿ.ಮೀ. ವೇಗದಲ್ಲಿ ಹಿಡಿಕೆ ಬಿಟ್ಟು ನಡೆದೆ. ಕಿರುಬೆರಳ ಹತ್ತಿರ ಒಂದು ಬೊಬ್ಬೆ ಬಂತು, ಅಷ್ಟೇ.

ವೆಡ್ಜ್ ಗೆಲ್ಲುತ್ತದೆ ಎಂದು ನಂಬಿದ್ದೆ. ಯಾಕೆಂದರೆ ಕಾಲಿಗೆ ನೋವು ಕೊಡುವುದು ಎತ್ತರಕ್ಕಿಂತ ಇಳಿಜಾರು. ವೆಡ್ಜಿನ ಹಿಂದೆ ಮೂರೂವರೆ ಇಂಚು, ಮುಂದೆ ಒಂದೂವರೆ. ಅಂದರೆ ಪಾದಕ್ಕೆ ಸಿಗುವ ಇಳಿಜಾರು ಎರಡೇ ಇಂಚಿನದು. ಬ್ಲಾಕಿನದು ಎರಡೂವರೆ, ಪೆನ್ಸಿಲಿನದು ಹೆಚ್ಚುಕಮ್ಮಿ ಪೂರ್ತಿ ನಾಲ್ಕು. ಭಿಕ್ಷಾಟನ ಶಿವನ ಮೂರ್ತಿಗಳ ಕಾಲಲ್ಲಿ ಎತ್ತರದ ಪಾದುಕೆ ನೋಡಿರುತ್ತೀರಿ. ಹಿಂದೆ ಮುಂದೆ ಒಂದೇ ಎತ್ತರ. ಶಿವನಿಗೆ ಮೀನಖಂಡ ನೋವು ಬಂದಿರಲಿಕ್ಕಿಲ್ಲ.

ಲೆಕ್ಕದಲ್ಲಿ ಗೆದ್ದ ವೆಡ್ಜ್ ಬೆಲ್ಟಿನ ಮೇಲೆ ಸೋತಿತು. ಅದರ ತಳ ಬಾಗುವುದಿಲ್ಲ. ಹಿಂದಿನ ಕಾಲು ಎತ್ತುವಾಗ ಬೆರಳ ಹತ್ತಿರ ಪಾದ ಮಡಚಬೇಕಲ್ವಾ, ಇಲ್ಲಿ ಹಲಗೆ ಕಟ್ಟಿಕೊಂಡ ಹಾಗೆ ಪಾದ ಪೂರ್ತಿ ಒಟ್ಟಿಗೆ ಏಳುತ್ತದೆ. ತಳ ದಪ್ಪ, ಬೆಲ್ಟು ಕಾಲಿಗೆ ತಿಳಿಯುವುದೇ ಇಲ್ಲ. ಎರಡು ಸಲ ಗಿಣ್ಣು ಹೊರಕ್ಕೆ ಹೊರಳಿತು. ನಿಂತರೆ ಮಾತ್ರ ಮೂರರಲ್ಲಿ ಹಾಯಾಗಿರುವುದು ಅದೇ.

ಏರು ಕೊಟ್ಟರೆ ಕಷ್ಟವಾಗುತ್ತದೆ ಅಂದುಕೊಂಡಿದ್ದೆ, ಆದದ್ದು ಉಲ್ಟಾ. ಇನ್‌ಕ್ಲೈನ್ 4ರಲ್ಲಿ ಪೆನ್ಸಿಲ್ ಹೀಲ್ ಕೂಡ ಸಲೀಸಾಯಿತು. ಬೆಲ್ಟಿನ ಮುಂಭಾಗ ಎದ್ದರೆ ಬೆರಳ ಕಡೆಯೂ ಎದ್ದು, ಪಾದದ ಇಳಿಜಾರು ಅಷ್ಟು ಕಡಿಮೆಯಾಗುತ್ತದೆ. ಉಸಿರು ಮಾತ್ರ ಬೇಗ ಏರುತ್ತದೆ. ಕಲ್ಯಾಣ ಮಂಟಪದ ಪಾರ್ಕಿಂಗಿನಿಂದ ಇಳಿಯುವ ಹಾದಿ ಇದರ ತದ್ವಿರುದ್ಧ, ಅಲ್ಲಿ ಯಾರದಾದರೂ ತೋಳು ಹಿಡಿದುಕೊಳ್ಳಿ.

ಮೂರಕ್ಕೂ ಸೇರಿದ್ದು ಒಂದಿಷ್ಟು. ಮೊದಲ ಐದು ನಿಮಿಷ ಮಾಮೂಲಿ ಶೂ. ಪಕ್ಕದ ಪಟ್ಟಿಗಳ ಮೇಲೆ ನಿಂತು, ಬೆಲ್ಟು ತಿರುಗಲು ಬಿಟ್ಟು, ಆಮೇಲೆ ಕಾಲಿಡಿ. ಓಡುವ ಯೋಚನೆಯೇ ಬೇಡ. ಹಿಮ್ಮಡಿ ಎತ್ತಿದ್ದಷ್ಟು ಹೊತ್ತು ಮೀನಖಂಡದ ಸ್ನಾಯು ಮೊಟಕಾಗಿಯೇ ಇರುತ್ತದೆ. ಬಿಚ್ಚಿದ ಮೇಲೆ ಮೆಟ್ಟಿಲಿನ ಅಂಚಲ್ಲಿ ನಿಂತು, ಗೋಡೆ ಹಿಡಿದು, ಹಿಮ್ಮಡಿ ಕೆಳಗಿಳಿಸಿ. ಅರ್ಧ ನಿಮಿಷ ಸಾಕು. ಒಂದು ದಿನ ಇದನ್ನು ಬಿಟ್ಟೆ, ಮರುದಿನ ಬೆಳಗ್ಗೆ ಬಚ್ಚಲಿಗೆ ಕುಂಟಿಕೊಂಡು ಹೋದೆ.

ಟ್ರೆಡ್‌ಮಿಲ್ ಕಲಿಸದ್ದೂ ಇದೆ. ಸೀರೆ ಉಟ್ಟು ಅದರ ಮೇಲೆ ಹತ್ತುವಂತಿಲ್ಲ, ನೆರಿಗೆ ಬೆಲ್ಟಿಗೆ ಸಿಕ್ಕಿದರೆ ಕಥೆ ಮುಗೀತು. ತಿರುಗುವುದು, ಮೆಟ್ಟಿಲು, ಸ್ಟೇಜಿನ ಕಾರ್ಪೆಟ್ಟಿನ ಸುಕ್ಕು, ಯಾವುದೂ ಅಲ್ಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬಂದ ಹಿರಿಯರಿಗೆಲ್ಲ ಬಗ್ಗಿ ಕಾಲು ಮುಟ್ಟಬೇಕು. ಹೀಲ್ಸ್‌ನಲ್ಲಿ ಬಗ್ಗಿದರೆ ತಲೆ ಮೊದಲು ಹೋಗುತ್ತದೆ. ಕೊನೆಯ ನಾಲ್ಕು ಸಂಜೆ ತಾರಸಿಯಲ್ಲಿ ಹಳೇ ಸೀರೆ ಉಟ್ಟು ಅಜ್ಜಿಗೆ ಹದಿನೈದು ಹದಿನೈದು ಸಲ ನಮಸ್ಕಾರ ಮಾಡಿದೆ. ಮೊದಲ ದಿನ ಆಶೀರ್ವಾದ ಮಾಡಿದರು. ಎರಡನೇ ದಿನದಿಂದ ಎಣಿಸುತ್ತಾ ಕೂತರು.

ರಿಸೆಪ್ಷನ್‌ಗೆ ಬ್ಲಾಕ್ ಹೀಲ್ ಹಾಕಿದೆ. ಪೆನ್ಸಿಲ್ ಹೀಲ್ ಇನ್ನೂ ಡಬ್ಬಿಯಲ್ಲಿದೆ. ಬೆಲ್ಟಿನ ಗುಳಿಗಳನ್ನು ಚಿಕ್ಕಪ್ಪ ಇವತ್ತಿಗೂ ಬಂದವರಿಗೆಲ್ಲ ತೋರಿಸುತ್ತಾರೆ. ರಿಸೆಪ್ಷನ್ ದಿನ ರಾತ್ರಿ ಒಂಬತ್ತೂವರೆಗೆ ಬೆರಳ ಬುಡ ಉರಿಯತೊಡಗಿತು. ಹೀಲ್ಸನ್ನು ಮೆಲ್ಲಗೆ ಬಿಚ್ಚಿ ಸೋಫಾದ ಕೆಳಗೆ ತಳ್ಳಿದೆ. ಸೀರೆಯ ಅಂಚು ನೆಲ ಗುಡಿಸುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ. ಆಲ್ಬಂನ ಮೊದಲರ್ಧದಲ್ಲಿ ನಾನು ಇವರ ಗದ್ದದ ತನಕ ಇದ್ದೇನೆ, ಉಳಿದರ್ಧದಲ್ಲಿ ಮೂರಿಂಚು ಕೆಳಗೆ.