ಅಳತೆ ಕೊಟ್ಟು ಮಾಡಿಸಿದ ಸ್ಟೀಲ್ ಸೈಕಲ್: ಪುಣೆಯ ಮಳೆ, ಘಾಟು, ಕೊಂಕಣದ ಉಪ್ಪುಗಾಳಿಗೆ ಎಷ್ಟು ತಡೆಯುತ್ತದೆ?

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಪುಣೆಯಲ್ಲಿದ್ದುಕೊಂಡು ಕ್ಯಾರಿಯರಿಗೆ ಬ್ಯಾಗ್ ಹಾಕಿ ಕೊಂಕಣ, ಗೋವಾ, ಬೆಳಗಾವಿ ಕಡೆ ಓಡಾಡುವವರಿಗೆ, ಅದರಲ್ಲೂ ಅಂಗಡಿಯ ರೆಡಿಮೇಡ್ ಸೈಜುಗಳು ಮೈಗೆ ಹೊಂದದವರಿಗೆ, ಅಳತೆ ಕೊಟ್ಟು ಮಾಡಿಸಿದ ಸ್ಟೀಲ್ ಫ್ರೇಮ್ ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ಆದರೆ ಅದು ಒಳ್ಳೆಯದಾಗುವುದೂ ಕೆಡುವುದೂ ಆರ್ಡರ್ ಶೀಟ್ ತುಂಬುವಾಗಲೇ. ಬಣ್ಣ ಆರಿಸಲು ಎರಡು ವಾರ ತೆಗೆದುಕೊಳ್ಳುವ ಜನ ಚೈನ್‌ಸ್ಟೇ (ಪೆಡಲ್ ಅಚ್ಚಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪೈಪು) ಉದ್ದಕ್ಕೆ ಎರಡು ನಿಮಿಷ ಕೊಡುವುದಿಲ್ಲ. ಇಲ್ಲಿ ಹೇಳುತ್ತಿರುವುದು ಒಂದು ಟೂರಿಂಗ್ ಸೈಕಲ್, ಒಂದು ಸೈಕ್ಲೋಕ್ರಾಸ್ (ಕೆಸರು, ಹುಲ್ಲಿನ ಹಾದಿಯ ರೇಸಿನ) ಸೈಕಲ್ ಬಗ್ಗೆ. ಎರಡೂ ಕ್ರೋಮೊಲಿ (ಕ್ರೋಮಿಯಂ-ಮಾಲಿಬ್ಡಿನಂ ಬೆರೆತ) ಸ್ಟೀಲ್, 700ಸಿ (ರಸ್ತೆ ಸೈಕಲ್ಲಿನ ದೊಡ್ಡ ಅಳತೆಯ) ಚಕ್ರ, ಕೇಬಲ್ ಡಿಸ್ಕ್ ಬ್ರೇಕ್. ಎರಡೂ ಹಲವು ಮಳೆಗಾಲ ಕಂಡಿವೆ.

ಪೈಪಿನ ಮಾತು ಬೇಗ ಮುಗಿಸೋಣ. ರೆನಾಲ್ಡ್ಸ್ ಕಂಪನಿಯ 525 ಮತ್ತು 725 ಪೈಪುಗಳು ಒಂದೇ ಜಾತಿಯ ಕ್ರೋಮೊಲಿ. 725ಕ್ಕೆ ಶಾಖ ಸಂಸ್ಕರಣೆ ಆಗಿರುವುದರಿಂದ ಗೋಡೆ ಇನ್ನೂ ತೆಳುವಾಗಿ ಎಳೆಯಬಹುದು, ಅಷ್ಟೇ. ಫ್ರೇಮಿನಲ್ಲಿ ಉಳಿಯುವುದು ಕೆಲವು ನೂರು ಗ್ರಾಂ. ಹಿಂದೆ 12 ಕೆ.ಜಿ. ಲಗೇಜು ಕಟ್ಟುವವರಿಗೆ ಆ ಉಳಿತಾಯ ಲೆಕ್ಕಕ್ಕಿಲ್ಲ. ಬದಲಿಗೆ ಟಾಪ್ ಟ್ಯೂಬ್ (ಫ್ರೇಮಿನ ಮೇಲಿನ ಅಡ್ಡ ಪೈಪು) ತೀರಾ ತೆಳುವಾದರೆ ಭಾರ ಹೊತ್ತು ಘಾಟಿಳಿಯುವಾಗ ಹ್ಯಾಂಡಲ್ ನಡುಗಲು ಶುರುವಾಗುತ್ತದೆ. ಟೂರಿಂಗಿಗೆ ಸಾದಾ 525 ಅಥವಾ 4130 (ಸಾಮಾನ್ಯ ಕ್ರೋಮೊಲಿ) ಸಾಕು.

ಅಳತೆ ಕೊಡುವಾಗ ಎತ್ತರ ಮತ್ತು ಕಾಲಿನ ಉದ್ದ ಮಾತ್ರ ಬರೆದು ಕಳಿಸಬೇಡಿ. ಈಗ ಓಡಿಸುತ್ತಿರುವ, ನಾಲ್ಕೈದು ಗಂಟೆ ಕೂತರೂ ಬೆನ್ನು ಹಿಡಿಯದ ಸೈಕಲ್ಲಿನಿಂದ ಅಳತೆ ತೆಗೆಯಿರಿ. ಪೆಡಲ್ ಅಚ್ಚಿನ (ಎರಡೂ ಕ್ರ್ಯಾಂಕ್ ಸೇರುವ ಬಾಟಮ್ ಬ್ರಾಕೆಟ್ಟಿನ) ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಎಷ್ಟು, ಸೀಟಿನ ಮೂತಿಯಿಂದ ಹ್ಯಾಂಡಲಿನ ನಡುವಿಗೆ ಎಷ್ಟು, ಸೀಟಿಗಿಂತ ಹ್ಯಾಂಡಲ್ ಎಷ್ಟು ಕೆಳಗೆ, ಸೀಟಿನ ಮೂತಿ ಪೆಡಲ್ ಅಚ್ಚಿಗಿಂತ ಎಷ್ಟು ಹಿಂದೆ. ಈ ಕೊನೆಯದಕ್ಕೆ ಗಾರೆಯವರ ತೂಗುಗುಂಡು ಇಳಿಬಿಟ್ಟು ಅಳೆಯುವುದೇ ಸರಿ. ಈ ನಾಲ್ಕು ಸಂಖ್ಯೆ ಕೊಟ್ಟರೆ ಫ್ರೇಮ್ ಕಟ್ಟುವವರು ಉಳಿದದ್ದನ್ನು ಲೆಕ್ಕ ಹಾಕುತ್ತಾರೆ. ಫೋರ್ಕಿನ ಸ್ಟೀರರ್ ಪೈಪನ್ನು (ಹ್ಯಾಂಡಲ್ ಕೂರುವ ಮೇಲ್ತುದಿಯನ್ನು) ಮೊದಲ ದಿನವೇ ಗಿಡ್ಡ ಮಾಡಿಸಬೇಡಿ. 30 ಮಿ.ಮೀ. ಸ್ಪೇಸರ್ ಉಂಗುರ ಇರಲಿ, ಕತ್ತರಿಸುವುದು ಯಾವಾಗ ಬೇಕಾದರೂ ಆಗುತ್ತದೆ.

ಕುಳ್ಳಗಿರುವವರಿಗೆ ಮಾಡಿಸಿದ ಸೈಕಲ್ಲಿನ ದೊಡ್ಡ ಲಾಭ ಬೇರೆಯೇ ಇದೆ. 700ಸಿ ಚಕ್ರದ ಸಣ್ಣ ಫ್ರೇಮುಗಳಲ್ಲಿ ನಿಧಾನವಾಗಿ ತಿರುಗುವಾಗ ಕಾಲಿನ ಹೆಬ್ಬೆರಳು ಮುಂದಿನ ಮಡ್‌ಗಾರ್ಡಿಗೆ ತಗಲುತ್ತದೆ. ಲಕ್ಷ್ಮೀ ರೋಡಿನ ಟ್ರಾಫಿಕ್ಕಿನಲ್ಲಿ ಬೀಳಲು ಅಷ್ಟು ಸಾಕು. ಹೆಡ್ ಆಂಗಲ್ (ಫೋರ್ಕ್ ಕೂರುವ ಮುಂದಿನ ಪೈಪಿನ ಓರೆ) 72 ಡಿಗ್ರಿಯಿಂದ 71ಕ್ಕೆ ಇಳಿಸಿ, ಫೋರ್ಕಿನ ರೇಕ್ (ಮುಂಬಾಗು) 50ರಿಂದ 55 ಮಿ.ಮೀ.ಗೆ ಏರಿಸಿದರೆ ಚಕ್ರ ಒಂದು ಸೆಂ.ಮೀ.ಗಿಂತ ಹೆಚ್ಚೇ ಮುಂದೆ ಹೋಗುತ್ತದೆ. ಟ್ರೇಲ್ (ಮುಂದಿನ ಚಕ್ರವನ್ನು ನೇರ ಹಿಡಿದಿಡುವ ಅಂತರ) ಮಾತ್ರ 60 ಮಿ.ಮೀ. ಆಸುಪಾಸಿನಲ್ಲೇ ಉಳಿಯುವುದರಿಂದ ಹ್ಯಾಂಡಲಿನ ಹದ ಕೆಡುವುದಿಲ್ಲ. ಇನ್ನೂ ಸಾಲದಿದ್ದರೆ ಇದಕ್ಕಿಂತ ಸಣ್ಣ 650ಬಿ ಚಕ್ರಕ್ಕೆ ಹೋಗಬೇಕು.

ಇನ್ನು ಟೂರಿಂಗ್, ಸೈಕ್ಲೋಕ್ರಾಸ್ ಎರಡನ್ನೂ ಒಂದೇ ಫ್ರೇಮಿನಲ್ಲಿ ತುರುಕುವ ಆಸೆ. ಆಗುತ್ತದೆ, ಆದರೆ ಎರಡೂ ಅರೆಬರೆ. ಸೈಕ್ಲೋಕ್ರಾಸ್ ಚೈನ್‌ಸ್ಟೇ 425-430 ಮಿ.ಮೀ. ಇರುತ್ತದೆ, ಪೆಡಲ್ ಅಚ್ಚು ಸ್ವಲ್ಪ ಎತ್ತರದಲ್ಲಿರುತ್ತದೆ, ಫ್ರೇಮ್ ಚುರುಕಾಗಿ ತಿರುಗುತ್ತದೆ. ಅದಕ್ಕೆ ದೊಡ್ಡ ಬ್ಯಾಗ್ ಕಟ್ಟಿದರೆ ಪ್ರತಿ ತುಳಿತಕ್ಕೂ ಹಿಮ್ಮಡಿ ಬಡಿಯುತ್ತದೆ. ಬ್ಯಾಗನ್ನು ಹಿಂದಕ್ಕೆ ಸರಿಸಿದರೆ ಭಾರ ಹಿಂದಿನ ಆಕ್ಸಲ್ ದಾಟಿ ಹೋಗಿ ಮುಂದಿನ ಚಕ್ರ ಹಗುರಾಗುತ್ತದೆ. ಟೂರಿಂಗಿಗೆ 450-455 ಮಿ.ಮೀ. ಬರೆಸಿ, ಒಂಬತ್ತು ನಂಬರ್ ಶೂ ಮೇಲ್ಪಟ್ಟವರು 460 ಕೇಳಿದರೂ ತಪ್ಪಿಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ಪುಣೆಯವರು ಟೂರಿಂಗೇ ಆರಿಸಲಿ. ಅದರ ಮೇಲೆ ಕಚ್ಚಾ ರಸ್ತೆಗೂ ಇಳಿಯಬಹುದು, ಸೈಕ್ಲೋಕ್ರಾಸಿನ ಮೇಲೆ ಸಂಸಾರ ಕಟ್ಟಿಕೊಂಡು ಹೋಗಲಾಗದು.

ಟಯರಿನ ಜಾಗದ ವಿಷಯದಲ್ಲಿ ಜಿಪುಣತನ ಬೇಡ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ನಿಯಮದಂತೆ ಸೈಕ್ಲೋಕ್ರಾಸ್ ರೇಸಿನ ಟಯರ್ 33 ಮಿ.ಮೀ. ದಾಟುವಂತಿಲ್ಲ. ಅಂತಹ ರೇಸಿಗೆ ಹೋಗದವರಿಗೆ ಆ ಮಿತಿಯಿಂದ ಏನೂ ಆಗಬೇಕಿಲ್ಲ. ಪುಣೆಯ ಸುತ್ತಲಿನ ಎರೆಮಣ್ಣು ಒದ್ದೆಯಾದಾಗ ಟಯರಿಗೆ ಪದರ ಪದರವಾಗಿ ಹತ್ತುತ್ತದೆ. ಚೈನ್‌ಸ್ಟೇ ನಡುವೆ ಸಿಕ್ಕಿ ಕೆಲವೇ ನೂರು ಮೀಟರಿನಲ್ಲಿ ಚಕ್ರ ನಿಂತುಬಿಡುತ್ತದೆ, ಮೇಲಾಗಿ ಮಣ್ಣಿನೊಳಗಿನ ಕಲ್ಲು ಪೇಂಟನ್ನು ಉಜ್ಜಿ ಲೋಹ ತೋರಿಸುತ್ತದೆ. ಟಯರಿನ ಎರಡೂ ಬದಿಗೆ ಕನಿಷ್ಠ 6 ಮಿ.ಮೀ. ಬಿಡಿಸಿ, 8 ಸಿಕ್ಕರೆ ಇನ್ನೂ ಒಳ್ಳೆಯದು. ಟೂರಿಂಗಿಗೆ 35 ಮಿ.ಮೀ. ಟಯರ್, ಅದರ ಮೇಲೆ 45 ಮಿ.ಮೀ. ಮಡ್‌ಗಾರ್ಡ್ ಕೂರುವಷ್ಟು ಜಾಗ ಎಂದು ಸ್ಪಷ್ಟವಾಗಿ ಬರೆಸಿ. ಮಳೆಗಾಲದಲ್ಲಿ ಹೊಲದ ದಾರಿಗಿಳಿಯುವ ಮೊದಲು ಮಡ್‌ಗಾರ್ಡ್ ಬಿಚ್ಚಿಡುವುದೇ ಕ್ಷೇಮ.

ಡ್ರಾಪೌಟಿನಲ್ಲಿ (ಚಕ್ರದ ಆಕ್ಸಲ್ ಕೂರುವ ಫ್ರೇಮಿನ ತುದಿಯಲ್ಲಿ) ಮಡ್‌ಗಾರ್ಡಿಗೊಂದು, ಕ್ಯಾರಿಯರಿಗೊಂದು ಎಂದು ಬೇರೆ ಬೇರೆ ಎಂ5 (5 ಮಿ.ಮೀ. ಬೋಲ್ಟಿನ) ತೂತು ಇರಲೇಬೇಕು. ಒಂದೇ ತೂತಿನಲ್ಲಿ ಉದ್ದ ಬೋಲ್ಟು ಹಾಕಿ ಎರಡನ್ನೂ ಬಿಗಿದರೆ ಆ ಬೋಲ್ಟು ಮುರಿಯುವುದು ಖಾತ್ರಿ. ತಪ್ಪು ಬೋಲ್ಟಿನದಲ್ಲ. ಅದು ಮೊದಲು ಸಡಿಲಾಗುತ್ತದೆ, ಆಮೇಲೆ ರಸ್ತೆಯ ಪ್ರತಿ ಉಬ್ಬಿಗೂ ಆಚೆ ಈಚೆ ಬಾಗಿ ಬಾಗಿ ತೂತಿನ ಬಾಯಲ್ಲೇ ತುಂಡಾಗುತ್ತದೆ. ಟ್ಯೂಬಸ್ ಕಾರ್ಗೊದಂಥ 40 ಕೆ.ಜಿ. ಹೊರುವ ಕ್ಯಾರಿಯರ್ ಹಾಕಿದರೂ ಕೊನೆಗೆ ಭಾರವೆಲ್ಲ ನಿಲ್ಲುವುದು 5 ಮಿ.ಮೀ. ಬೋಲ್ಟುಗಳ ಮೇಲೆ. ನೀಲಿ ಥ್ರೆಡ್‌ಲಾಕ್ (ಬೋಲ್ಟು ಸಡಿಲಾಗದಂತೆ ಹಾಕುವ ಅಂಟು) ಒಂದು ಹನಿ ಹಾಕಿ ಬಿಗಿಯಿರಿ, ಮೊದಲ 50 ಕಿ.ಮೀ. ಆದಮೇಲೆ ಮತ್ತೊಮ್ಮೆ ನೋಡಿ, 16 ಮತ್ತು 20 ಮಿ.ಮೀ. ಉದ್ದದ ನಾಲ್ಕಾರು ಬೋಲ್ಟು ಬ್ಯಾಗಿನಲ್ಲಿಡಿ.

ನಮ್ಮ ಹವೆಯಲ್ಲಿ ಸ್ಟೀಲ್ ಎಂದ ತಕ್ಷಣ ಎಲ್ಲರೂ ಕೇಳುವುದು ತುಕ್ಕಿನ ಬಗ್ಗೆ. ಹೊರಗಿನ ತುಕ್ಕು ಕಣ್ಣಿಗೆ ಕಾಣುತ್ತದೆ. ಸಿಪ್ಪೆ ಎದ್ದ ಕಡೆ ಸ್ವಲ್ಪ ಉಜ್ಜಿ ನೇಲ್ ಪಾಲಿಶ್ ಬಳಿದರೂ ನಡೆಯುತ್ತದೆ. ಹೆದರಬೇಕಾದ್ದು ಒಳಗಿನದಕ್ಕೆ. ನೀರು ನುಗ್ಗುವುದು ಹೆಚ್ಚಾಗಿ ಸೀಟ್ ಟ್ಯೂಬಿನ ಸೀಳಿನಿಂದ. ಸೀಳು ಹಿಂದಕ್ಕಿದ್ದರೆ ಹಿಂದಿನ ಚಕ್ರ ಎರಚುವ ನೀರೆಲ್ಲ ನೇರ ಅಲ್ಲಿಗೇ. ಸೀಳು ಮುಂದಕ್ಕಿರಲಿ ಎಂದು ಆರ್ಡರಿನಲ್ಲೇ ಬರೆಸಿ, ಒಂದು ಪೈಸೆ ಹೆಚ್ಚು ಖರ್ಚಿಲ್ಲ. ಒಳಸೇರಿದ ನೀರು ಕೆಳಗಿಳಿದು ಬಾಟಮ್ ಬ್ರಾಕೆಟ್ಟಿನಲ್ಲಿ ನಿಲ್ಲುತ್ತದೆ, ಆದ್ದರಿಂದ ಅದರ ತಳದಲ್ಲಿ 4-5 ಮಿ.ಮೀ. ತೂತು ಬೇಕು. ಬಿಡಿಭಾಗ ಜೋಡಿಸುವ ಮೊದಲು ಬೇಯಿಸಿದ ಅಗಸೆ ಎಣ್ಣೆಯನ್ನು (ಬಾಯ್ಲ್ಡ್ ಲಿನ್ಸೀಡ್ ಆಯಿಲ್) ಪ್ರತಿ ಪೈಪಿಗೂ ಸುರಿದು, ಫ್ರೇಮನ್ನು ಎಲ್ಲ ದಿಕ್ಕಿಗೂ ತಿರುಗಿಸಿ, ಹೆಚ್ಚಿದ್ದದ್ದನ್ನು ಸೋರಲು ಬಿಟ್ಟು ಕೆಲವು ದಿನ ಒಣಗಿಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ: ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ಬಟ್ಟೆಗೆ ತಾನೇ ಬೆಂಕಿ ಹತ್ತಬಹುದು. ಹರಡಿ ಒಣಹಾಕಿ.

ಅಲ್ಯೂಮಿನಿಯಂ ಸೀಟ್‌ಪೋಸ್ಟ್ ಸ್ಟೀಲ್ ಪೈಪಿನಲ್ಲಿ ವರ್ಷಗಟ್ಟಲೆ ಹಾಗೇ ಕೂತರೆ, ಉಪ್ಪುನೀರು ಸೇರಿದ ಮೇಲೆ ಎರಡೂ ಒಂದಾಗಿಬಿಡುತ್ತವೆ. ಆಮೇಲೆ ಗರಗಸವೇ ಗತಿ. ಜೂನಿಗೆ ಮುಂಚೆ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಹೊರತೆಗೆದು, ಒರೆಸಿ, ಗ್ರೀಸ್ ಹಚ್ಚಿ ಹಾಕಿದರೆ ಸಾಕು. ದಾಭೋಳ-ಧೋಪಾವೆ, ಜಯಗಡ-ತವಸಾಳ ಜೆಟ್ಟಿಗಳಲ್ಲಿ ಖಾಡಿ ದಾಟಿ ಕರಾವಳಿ ರಸ್ತೆ ಹಿಡಿಯುವವರು ಸಂಜೆ ಬಕೆಟ್ ಸಿಹಿನೀರು ಮೆಲ್ಲಗೆ ಸುರಿದು ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಪೈಪು ಬೇಡ, ಅದು ಹಬ್ಬಿನ ಸೀಲ್ ದಾಟಿ ನೀರು ನುಗ್ಗಿಸುತ್ತದೆ.

ಪೌಡರ್ ಕೋಟಿಂಗ್ ಮಾಡುವ ವರ್ಕ್‌ಶಾಪುಗಳಿಗೆ ಪುಣೆ, ಪಿಂಪ್ರಿ-ಚಿಂಚವಾಡದಲ್ಲಿ ಬರವಿಲ್ಲ. ಆದರೆ ಅವರು ಕಾರಿನ ಬಿಡಿಭಾಗ, ಗ್ರಿಲ್ಲು ನೋಡಿದವರು. ಸೈಕಲ್ ಫ್ರೇಮಿನಲ್ಲಿ ಎಲ್ಲಿ ಪೌಡರ್ ಬೀಳಬಾರದು ಎಂದು ನೀವೇ ಹೇಳಬೇಕು. ನಮ್ಮ ಟೂರಿಂಗ್ ಫ್ರೇಮ್ ಬಾಟಮ್ ಬ್ರಾಕೆಟ್ಟಿನ ಥ್ರೆಡ್ಡಿಗೂ ಬಣ್ಣ ತುಂಬಿಕೊಂಡೇ ಬಂತು. ಆಗ ಅಲ್ಲಿ ತಿರುಪುವ ಬೇರಿಂಗ್ ಕಪ್ಪು (ಕಪ್) ಅರ್ಧ ಸುತ್ತು ಹೋಗಿ ನಿಲ್ಲುತ್ತದೆ. ಉದ್ದ ಪಾನಾ ಹಾಕಿ ಒತ್ತಿದರೆ ಥ್ರೆಡ್ ಹರಿಯುತ್ತದೆ, ಫ್ರೇಮ್ ಹೋಯಿತೆಂದೇ ಲೆಕ್ಕ. ಬಿಎಸ್‌ಎ ಅಳತೆಯ ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಇರುವ ಅಂಗಡಿಗೆ ಹೋಗಿ ಥ್ರೆಡ್ ಬಿಡಿಸಬೇಕು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಎಣ್ಣೆ. ಪೆನ್ಸಿಲ್ ಹೆರೆದ ಸಿಪ್ಪೆಯಂತೆ ಬಣ್ಣದ ಸುರುಳಿ ಬರುತ್ತದೆ. ಚೈನಿನ ಬದಿಯ ಕಪ್ಪಿನದು ಉಲ್ಟಾ ಥ್ರೆಡ್, ಅದಕ್ಕೆ ಟ್ಯಾಪೂ ಬೇರೆ. ಕೋಟಿಂಗಿಗೆ ಕೊಡುವಾಗ ಹಳೆಯ ಕಪ್ಪುಗಳನ್ನೇ ತಿರುಪಿಟ್ಟು, ಎಂ5 ತೂತುಗಳಿಗೆ ಬೋಲ್ಟು ಹಾಕಿ, ಡಿಸ್ಕ್ ಮೌಂಟಿನ ಮುಖಕ್ಕೆ ಶಾಖ ತಡೆಯುವ ಟೇಪ್ ಅಂಟಿಸಿ ಕೊಟ್ಟರೆ ಈ ಪಾಡಿಲ್ಲ. ಡಿಸ್ಕ್ ಮೌಂಟಿನ ಮೇಲೆ ಬಣ್ಣ ದಪ್ಪ ಕೂತರೆ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗ) ಓರೆಯಾಗುತ್ತದೆ. ಎಷ್ಟು ಹೊಂದಿಸಿದರೂ ಬ್ರೇಕ್ ಕಿರುಚುವುದು ನಿಲ್ಲುವುದಿಲ್ಲ.

ಬ್ರೇಕಿನಲ್ಲಿ ಕೇಬಲ್ ಡಿಸ್ಕಿಗೇ ನನ್ನ ಓಟು. ಹೈಡ್ರಾಲಿಕ್ ಹಿಡಿತ ಚೆನ್ನ, ಒಪ್ಪುತ್ತೇನೆ, ಆದರೆ ಗುಹಾಗರದಲ್ಲಿ ಗಾಳಿ ಸೇರಿದರೆ ಯಾರನ್ನು ಹುಡುಕುತ್ತೀರಿ? ಒಂದೇ ಪ್ಯಾಡ್ ಚಲಿಸುವ ಕ್ಯಾಲಿಪರಿನಲ್ಲಿ ಜನ ಮಾಡುವ ಎಡವಟ್ಟು ಒಂದಿದೆ. ಪ್ಯಾಡ್ ಸವೆದಂತೆ ಕೇಬಲ್ ಒಂದನ್ನೇ ಎಳೆದು ಬಿಗಿಯುತ್ತಾರೆ. ಕ್ಯಾಲಿಪರಿನ ತೋಳು ಅರ್ಧ ದಾರಿಯಿಂದಲೇ ಹೊರಟು ಬಲ ಕಳೆದುಕೊಳ್ಳುತ್ತದೆ. ಮೊದಲು ಒಳಬದಿಯ ಸ್ಥಿರ ಪ್ಯಾಡನ್ನು ಅದರ ತಿರುಪಿನಿಂದ ರೋಟರಿನ (ಬ್ರೇಕ್ ತಟ್ಟೆಯ) ಹತ್ತಿರ ತರಬೇಕು, ಆಮೇಲೆ ಹೊರಬದಿಯದು, ಕೊನೆಗೆ ಬೇಕಿದ್ದರೆ ಕೇಬಲ್. ಮಳೆಗಾಲದಲ್ಲಿ ರೆಸಿನ್ ಪ್ಯಾಡ್ ಬೇಗ ಕರಗುತ್ತದೆ. ತಾಮ್ಹಿಣಿ, ವರಂಧಾ ಕಡೆ ಮಳೆಯಲ್ಲೇ ಹೋಗುವವರು ಮೆಟಲ್ ಪ್ಯಾಡ್ ಹಾಕಲಿ, ಆದರೆ ರೋಟರ್ ಮೇಲೆ ‘ರೆಸಿನ್ ಪ್ಯಾಡ್ ಮಾತ್ರ’ ಎಂಬರ್ಥದ ಅಚ್ಚಿದೆಯೇ ನೋಡಿಕೊಳ್ಳಲಿ. ಕೇಬಲ್ಲಿನ ಹೊರಕವಚ ಲಿವರಿನಿಂದ ಕ್ಯಾಲಿಪರಿನವರೆಗೆ ತುಂಡಾಗದೆ ಹೋಗುವಂತೆ ಫ್ರೇಮಿನಲ್ಲಿ ಕೊಕ್ಕೆ ಕೇಳಿ. ಅಲ್ಲಲ್ಲಿ ಕತ್ತರಿಸಿದ ಕವಚದ ಬಾಯಲ್ಲೇ ಕೆಸರು ಸೇರುವುದು.

ಗಿಯರ್ 9 ಸ್ಪೀಡ್. ಹಳೆಯದೆಂದು ಮೂಗು ಮುರಿಯುವವರು ಮುರಿಯಲಿ. ಶಿಮಾನೊ 9 ಸ್ಪೀಡಿನಲ್ಲಿ ರೋಡ್ ಲಿವರಿಗೆ ಎಂಟಿಬಿ (ಗುಡ್ಡಗಾಡು ಸೈಕಲ್) ಹಿಂದಿನ ಡಿರೇಲರ್ (ಚೈನ್ ಸರಿಸುವ ಸಾಧನ) ಹೊಂದುತ್ತದೆ, 10ರಲ್ಲಿ ಹೊಂದುವುದಿಲ್ಲ. ಡ್ರಾಪ್ ಹ್ಯಾಂಡಲ್ ಹಾಕಿ ದೊಡ್ಡ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಬೇಕೆನ್ನುವವರಿಗೆ ಇಷ್ಟು ಸಾಕು. ಮುಂದೆ 48-36-26 ಹಲ್ಲು, ಹಿಂದೆ 11-34. ಎಲ್ಲಕ್ಕಿಂತ ಹಗುರ ಗಿಯರಿನಲ್ಲಿ ಒಂದು ಸುತ್ತು ತುಳಿದರೆ ಸೈಕಲ್ ಸುಮಾರು 1.66 ಮೀಟರ್ ಮುಂದೆ ಹೋಗುತ್ತದೆ, ನಿಮಿಷಕ್ಕೆ 60 ಸುತ್ತಿಗೆ ಗಂಟೆಗೆ 6 ಕಿ.ಮೀ. ವಾಯಿಯಿಂದ ಪಾಂಚಗಣಿಗೆ ಪಸರಣಿ ಘಾಟು ಏರುವಾಗ ಲಗೇಜಿನೊಡನೆ ಇದಕ್ಕಿಂತ ಭಾರದ ಗಿಯರ್ ಮಂಡಿಗೆ ಒಳ್ಳೆಯದಲ್ಲ. ಮುಂದಿನ ಡಿರೇಲರಿಗೆ ಹ್ಯಾಂಡಲ್ ತುದಿಯ ಫ್ರಿಕ್ಷನ್ ಲಿವರ್ ಹಾಕಿದರೆ ಹೊಂದಾಣಿಕೆಯ ರಗಳೆಯೇ ಇಲ್ಲ. ಕೊಂಕಣದ ಜಂಬಿಟ್ಟಿಗೆ ಧೂಳು ಚೈನಿನ ಎಣ್ಣೆಯೊಡನೆ ಸೇರಿ ಅರೆಯುವ ಪೇಸ್ಟ್ ಆಗುತ್ತದೆ, ಅದಕ್ಕೇ ಬೇಸಿಗೆಯಲ್ಲಿ ಮೇಣದ ಲೂಬ್ ಲೇಸು. ಚೈನಿನ ಸವೆತ ಅಳೆಯುವ ಗೇಜಿನಲ್ಲಿ 0.75 ತೋರಿಸಿದ ದಿನ ಚೈನ್ ಬದಲಿಸಿ, ತಡಮಾಡಿದರೆ ಕ್ಯಾಸೆಟ್ಟೂ ಹೋಗುತ್ತದೆ.

ಚಕ್ರಕ್ಕೆ ಹಿಂದೆ 36 ಕಡ್ಡಿ, ಮುಂದೆ 32. ಕಡ್ಡಿ ಮುರಿಯುವುದಕ್ಕೆ ಭಾರಕ್ಕಿಂತ ಹೆಚ್ಚಾಗಿ ಸಡಿಲು ಕಟ್ಟೇ ಕಾರಣ. ಕಟ್ಟಿಸಿದ ಮೇಲೆ ಜೋಡಿ ಜೋಡಿ ಕಡ್ಡಿಗಳನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ, ಮತ್ತೆ ಔಟ್ (ಚಕ್ರದ ಓರೆ) ತೆಗೆಸಿ. ಶಿಮಾನೊ ಕಪ್-ಕೋನ್ ಹಬ್ಬಿನ ಹಿಂಬದಿಗೆ ಪ್ರತಿ ಪಕ್ಕಕ್ಕೆ ಕಾಲಿಂಚಿನ 9 ಗುಂಡು, ಮುಂದೆ 3/16 ಇಂಚಿನ 10 ಗುಂಡು. ಇವು ಸಾದಾ ಸೈಕಲ್ ಅಂಗಡಿಯಲ್ಲೂ ಸಿಗುತ್ತವೆ. 35 ಮಿ.ಮೀ. ಟಯರಿಗೆ 70 ಕೆ.ಜಿ. ಸವಾರ, 12-15 ಕೆ.ಜಿ. ಲಗೇಜು ಇದ್ದರೆ ಹಿಂದೆ 60, ಮುಂದೆ 45 ಪಿಎಸ್‌ಐ ಹಿತವಾಗಿರುತ್ತದೆ.

ಊರಿಗೆ ಹುಬ್ಬಳ್ಳಿ, ಬೆಳಗಾವಿ ಬಸ್ಸಿನ ಡಿಕ್ಕಿಯಲ್ಲಿ ಸೈಕಲ್ ಒಯ್ಯುವವರು ಪೆಡಲ್ ಬಿಚ್ಚಿ (ಎಡಗಡೆಯದು ಉಲ್ಟಾ ಥ್ರೆಡ್), ಚಕ್ರ ತೆಗೆದರೆ ಕ್ಯಾಲಿಪರಿನ ನಡುವೆ ಮಡಚಿದ ರಟ್ಟು ಸಿಕ್ಕಿಸಿ, ಡಿರೇಲರ್ ಇರುವ ಬದಿ ಮೇಲೆ ಮಾಡಿ ಮಲಗಿಸಿ. ಅಷ್ಟಾಗಿಯೂ ಹ್ಯಾಂಗರ್ (ಹಿಂದಿನ ಡಿರೇಲರ್ ತೂಗುವ ಕೊಂಡಿ) ಬಾಗಬಹುದು. ಫ್ರೇಮಿನಲ್ಲೇ ಸೇರಿದ ಸ್ಟೀಲ್ ಹ್ಯಾಂಗರ್ ಆದರೆ ಗೇಜ್ ಹಾಕಿ ನೇರ ಮಾಡಬಹುದು. ಬಿಚ್ಚಿ ಹಾಕುವ ಅಲ್ಯೂಮಿನಿಯಂದಾದರೆ ಇನ್ನೊಂದು ಜೊತೆಗಿರಬೇಕು, ಏಕೆಂದರೆ ಆ ಆಕಾರದ್ದು ದಾರಿಯ ಅಂಗಡಿಗಳಲ್ಲಿ ಸಿಗುವ ಖಾತ್ರಿಯಿಲ್ಲ.

ಬೇಡ ಎನ್ನಬೇಕಾದವರಿಗೂ ಹೇಳಬೇಕು. ರೆಡಿಮೇಡ್ ಸೈಜು ಸರಿಯಾಗಿ ಹೊಂದುವವರು, ಲಗೇಜು ಕಟ್ಟದವರು, ತಿಂಗಳುಗಟ್ಟಲೆ ಕಾಯಲಾಗದವರು ಅಂಗಡಿಯ ಸೈಕಲ್ ಕೊಂಡು ಉಳಿದ ದುಡ್ಡನ್ನು ಚಕ್ರಕ್ಕೆ ಹಾಕಲಿ. ಮಾಡಿಸುವವರು ಫ್ರೇಮಿಗೆ ಎಷ್ಟೋ ಹೆಚ್ಚುಕಮ್ಮಿ ಅಷ್ಟೇ ಮತ್ತೆ ಬಿಡಿಭಾಗಕ್ಕೂ ಎತ್ತಿಡಬೇಕು. ಮಾರುವಾಗ ಅದು ಕೈಗೆ ಬರುವುದೂ ಇಲ್ಲ: ನಿಮ್ಮ ಮೈಯ ಅಳತೆಗೆ ಕಟ್ಟಿದ ಫ್ರೇಮಿಗೆ ಗಿರಾಕಿ ಸಿಗುವುದು ಅಪರೂಪ, ಬಿಡಿಭಾಗ ಕಳಚಿ ಬೇರೆ ಬೇರೆ ಮಾರಿದರೇ ಹೆಚ್ಚು ಗಿಟ್ಟುತ್ತದೆ.